ಗಡಿಯಾಚೆಯ ನರ್ಸ್‌ಗಳು

ಅಕ್ಕಾ,

ಗಡಿ ದಾಟಿ ಬಂದ ಕೆಲಸ ಕೈಗೂಡಿತು. ಆಸ್ಪತ್ರೆ ಖರ್ಚಿನ ಕಡಿತಕ್ಕೆ ಇಲ್ಲಿನ ನರ್ಸ್‌ಗಳು ಒಪ್ಪಿದ್ದಾರೆ ಅಂತ ನಮ್ಮ ಸರ್ಕಾರ ಹೇಳಿತ್ತಲ್ಲ, ಇಲ್ಲಿನ ಸರ್ಕಾರ ಇವರಿಗೆ ನಮ್ಮ ಕಡೆಯ ನರ್ಸ್‌ಗಳು ಒಪ್ಪಿದ್ದಾರೆ ಅಂದಿದೆ! ಎರಡೂ ಸುಳ್ಳು. ಇಲ್ಲಿನ ನರ್ಸ್‌ಗಳ ಸಭೆಯಲ್ಲಿ, ಕಡಿತದಿಂದ ನಮ್ಮ ಹೆರಿಗೆ ವಾರ್ಡಿಗೆ ಬೀಗ ಬಿದ್ದದ್ದನ್ನು ಹೇಳಿದೆ. ಹಿರಿಯ ನರ್ಸೊಬ್ಬರು ಎದ್ದು, "ಹಾಗಾದ್ರೆ ಎರಡೂ ಕಡೆಯವರು ಒಂದೇ ದಿನ ಬೀದಿಗಿಳಿಯೋಣ" ಅಂದರು. ದುಭಾಷಿ ಅದನ್ನು ನನಗೆ ತಿಳಿಸುವಷ್ಟರಲ್ಲಿ ಸಭೆಗೆ ಸಭೆಯೇ ಚಪ್ಪಾಳೆ ತಟ್ಟುತ್ತಿತ್ತು.

ಸಭೆ ಮುಗಿದರೆ ದುಭಾಷಿ ಮನೆಗೆ ಹೋಗುತ್ತಾರೆ. ಆಮೇಲೆ ನಾನು ಮೂಗಿ; ಅಂಗಡೀಲಿ ಸೋಪು ಕೇಳೋದಕ್ಕೂ ಕೈಸನ್ನೆ. ಕೋಣೆಯಲ್ಲಿ ಗೋಡೆಯ ಜೊತೆ ಮಾತು.

ನಾನು ಹೊರಟಿದ್ದಕ್ಕೆ ನಿನಗಿನ್ನೂ ಸಿಟ್ಟಿದೆ, ಗೊತ್ತು. ಆದರೂ ಭಾನುವಾರ ಫೋನ್ ಮಾಡು. ಬೈಯಬೇಕೆನಿಸಿದರೆ ಬೈ, ಸಾವಕಾಶವಾಗಿ ಬೈ. ನಮ್ಮ ಮಾತು ಕಿವಿಗೆ ಬಿದ್ದು ಬಹಳ ದಿನವಾಯಿತು.

ನಿನ್ನ ಹಠಮಾರಿ ತಂಗಿ