ಆಮೆಮರಿಗಳ ಮುಂದೆ ನಿಂತ ಅತ್ತೆ

ಫೆಬ್ರವರಿ ೧೬, ಸೋಮವಾರ, ಬ್ಯಾಡಗಿ

ಅತ್ತೆಯ ಕಾಲಿನ ಗಾಯ ಇನ್ನೂ ಜಿನುಗುತ್ತಿದೆ. ಎಲ್ಲ ನನ್ನಿಂದಲೇ. ಆಮೆಮರಿ ನೋಡುವುದು ನನ್ನ ಬಹುದಿನದ ಆಸೆ. ಸಮುದ್ರವೆಂದರೆ ನನ್ನ ಗಂಡ ಮನೋಹರ ತಾಯಿಯನ್ನು ಕಳಿಸುತ್ತಿರಲಿಲ್ಲ. ಶಿರಸಿ ಮಾರಿಕಾಂಬೆಗೆ ಎಂದು ಸುಳ್ಳು ಹೇಳಿ, ಆಧಾರ್ ತೋರಿಸಿ, ಉಚಿತ ಟಿಕೆಟ್ಟಿನಲ್ಲಿ ನಿನ್ನೆ ನಾನೂ ಅತ್ತೆಯೂ ಹೊನ್ನಾವರಕ್ಕೆ ಹೋದೆವು.

ಇಂದು ಬೆಳಕು ಹರಿಯುವಾಗ ದಂಡೆಯ ಮರಳು ಅಲುಗಿತು. ಅಂಗೈಗಿಂತ ಚಿಕ್ಕ ಕಪ್ಪು ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು. ಹಿಂದೆಯೇ ಮೂರು ನಾಯಿಗಳು. ಸುತ್ತ ಯಾರೂ ಇರಲಿಲ್ಲ. ನಾನು ಹಿಂದೆ ಸರಿದೆ.

"ಓಡಬ್ಯಾಡ! ಓಡಿದ್ರ ಬೆನ್ನ ಹತ್ತತಾವು," ಎಂದ ಅತ್ತೆ ಚಪ್ಪಲಿ ಕೈಗೆತ್ತಿಕೊಂಡು ನಾಯಿಗಳಿಗೆ ಅಡ್ಡ ನಿಂತರು. ಕಂದು ನಾಯಿ ಅವರ ಮೀನಖಂಡಕ್ಕೆ ಬಾಯಿ ಹಾಕಿತು. ನಾನು ಕಿರುಚುತ್ತ ಮರಳು ಎರಚಿದೆ. ಅವರು ಕದಲಲಿಲ್ಲ.

"ನನ್ನ ಕಾಲು ಬಿಡ. ಕಡೀ ಮರಿ ನೀರಿಗೆ ಹೋತೇನು, ಅದನ್ನ ನೋಡು!"

ಆ ಕೊನೆಯ ಮರಿ ತೆರೆಯೊಳಗೆ ಮರೆಯಾದ ಮೇಲೆಯೇ ಆಸ್ಪತ್ರೆಗೆ ಬಂದರು. ಬಸ್ಸಿನಲ್ಲಿ ಘಟ್ಟ ಹತ್ತುವಾಗ ಬ್ಯಾಂಡೇಜು ಕೆಂಪಾಗುವುದನ್ನೇ ನೋಡುತ್ತ ಕುಳಿತಿದ್ದೆ. ಅವರಿಗೆ ಏನಾದರೂ ಆದರೆ?

ಮನೆಯ ಬಾಗಿಲಲ್ಲೇ ಮನೋಹರ ಕೇಳಿದ, "ಯವ್ವಾ, ಕಾಲಿಗೆ ಏನಾತು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಗುಡಿ ಮುಂದ ನಾಯಿ ಕಡೀತಪಾ," ಎಂದುಬಿಟ್ಟರು.

ಗುರುವಾರ ಎರಡನೇ ಸೂಜಿ. ಅಷ್ಟರೊಳಗೆ ನಿಜ ಹೇಳಬೇಕು. ಹೇಳಿದರೆ ಇನ್ನೆಂದೂ ಕಳಿಸಲಿಕ್ಕಿಲ್ಲ. ಈಗ ಹೊದಿಕೆ ಸರಿಪಡಿಸಲು ಹೋದರೆ ಅತ್ತೆ ಕಣ್ಣು ಬಿಟ್ಟೇ ಮಲಗಿದ್ದರು. ನನ್ನ ಕೈ ಹಿಡಿದು ಪಿಸುಗುಟ್ಟಿದರು: "ಮುಂದಿನ ಸಲ ಬಡಿಗಿ ಒಯ್ಯೋಣು."

ಜ್ವರವಿಲ್ಲ, ಮುಟ್ಟಿ ನೋಡಿದೆ. ಆದರೂ ಇನ್ನೊಮ್ಮೆ ನೋಡಿ ಬರುತ್ತೇನೆ.