ಪಿ.ಪಿ. ನಂಬರು

ಅಕ್ಟೋಬರ್ 24, 2007. ಬೆಳಿಗ್ಗೆ 10.30

ದಸರಾ ಮುಗಿಯಿತು. ಮತ್ತೆ ಅದೇ ಶಹಾಬಾದ್, ಅದೇ ಒಂದು ಕೋಣೆಯ ಆಫೀಸು, ಅದೇ ಕಂಪ್ಯೂಟರು. ಇವತ್ತು ನಾಲ್ಕು ಸಾವಿರ ಜಾಹೀರಾತು ಮೆಸೇಜು ಹೋಗಬೇಕು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ... ಸೀರೆ ಅಂಗಡಿಯದೇ ಅರ್ಧ.

ವಾಡಿಯ ಒಂದು ಪ್ರೆಸ್ಸಿನಿಂದ ಹೊಸ ಪಟ್ಟಿ ಬಂದಿದೆ. ಲಗ್ನಪತ್ರಿಕೆ ಅಚ್ಚು ಹಾಕಿಸಿದವರ ಅರವತ್ತೊಂದು ನಂಬರು. ಮಾಲೀಕರು ಆನಂದತೀರ್ಥ ಆಚಾರ್ಯರಿಗೆ ಹಿಗ್ಗೋ ಹಿಗ್ಗು. "ಇದು ಕಲ್ಲಿನ ಮ್ಯಾಲ ಬಿತ್ತೂದಲ್ಲ ಮಲ್ಲು, ಹದ ನೋಡಿ ಬಿತ್ತೂದು. ಮದುವಿ ಮನಿಗೆ ಸೀರಿ ಬೇಕೇ ಬೇಕು."

ಹನ್ನೊಂದು ನಂಬರಿನ ಪಕ್ಕ 'ಪಿ.ಪಿ.' ಎಂದು ಬರೆದಿತ್ತು. ಅಂದರೆ ಆ ಮನೆಯಲ್ಲಿ ಫೋನಿಲ್ಲ. ನಂಬರು ನೆರೆಯವರದು, ಅವರು ಕೂಗಿ ಕರೆಯುತ್ತಾರೆ. ಅಕ್ಷರ ಕಂಡರೆ ಸಾಫ್ಟ್‌ವೇರ್ ಎರರ್ ತೋರಿಸುತ್ತದೆ. ಹನ್ನೊಂದು ಕಡೆಯೂ 'ಪಿ.ಪಿ.' ಅಳಿಸಿ ಬರೀ ನಂಬರು ಉಳಿಸಿದೆ. ಎರಡು ನಿಮಿಷದ ಕೆಲಸ.

ಅಕ್ಟೋಬರ್ 31, ಸಂಜೆ

ಭಂಕೂರದ ಹಿಟ್ಟಿನ ಗಿರಣಿಯ ಬಾಬುಮಿಯಾ ಬಂದಿದ್ದರು. ರೆಪ್ಪೆಯ ಮೇಲೂ ಹಿಟ್ಟು. ಅಂಗಿಯ ಕಿಸೆಯಲ್ಲಿ ಮೊಬೈಲು, ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ.

"ಮೆಸೇಜ್ ಬಿಡೋ ಮಂದಿ ಯಾರ್ರಿ ಇಲ್ಲಿ?"

"ನಾವೇ. ಕುಂದ್ರಿ."

"ಕುಂದ್ರಲಿಕ್ಕೆ ಬಂದಿಲ್ಲ ಭಾಯಿ. ನನಗ ಐವತ್ತೆಂಟು ಆಗ್ಯಾವ, ನಾಕು ಮೊಮ್ಮಕ್ಕಳು. ದಿನಾ ಮುಂಜಾನೆ 'ನಿಮ್ಮ ಮದುವೆಗೆ ಶುಭಾಶಯ' ಅಂತ ಬರ್ಲಿಕತ್ತದ. ಮನ್ಯಾಗ ಕೇಳ್ತಾಳ, ಯಾರು ಆಕಿ ಅಂತ."

ನಕ್ಕುಬಿಟ್ಟೆ. ಅವರು ನಗಲಿಲ್ಲ. ಆಗ ಕುಳಿತರು.

ನಂಬರು ಬಾಬುಮಿಯಾರದು, ಮದುವೆ ಅವರ ನೆರೆಮನೆಯ ಗುಂಡಮ್ಮನ ಮಗಳು ನಾಗರತ್ನಾಳದು. ಓಣಿಯ ಆರು ಮನೆಗೆ ಇದೊಂದೇ ಫೋನು. ಯಾರಿಗೆ ಮೆಸೇಜು ಬಂದರೂ ಇವರೇ ಓದಿ ಹೇಳುವುದು. ಗಿರಣಿಯ ಸದ್ದಿನಲ್ಲಿ ಮೆಲ್ಲಗೆ ಓದಿದರೆ ಕೇಳುತ್ತದೆಯೇ? ಒದರಬೇಕು. ಮೊದಲೆರಡು ದಿನ ಒದರಿದರು, ಸಾಲಿನಲ್ಲಿ ನಿಂತವರೆಲ್ಲ ನಕ್ಕರು, ಗುಂಡಮ್ಮನೂ ನಾಚಿದಳು. ಮೂರನೆಯ ದಿನವೂ ಒದರಿದರು. ಹಿಂದಿನ ಸಂಜೆ ಗಂಡಿನವರು ಮಾತು ಮುರಿದಿದ್ದು ಇವರಿಗೆ ಗೊತ್ತಿರಲಿಲ್ಲ.

"ಸಾಲಿನ್ಯಾಗಿನ ಮಂದಿ ಎಲ್ಲಾ ಆಕೀನ್ನೇ ನೋಡಿದ್ರು. ಬೀಸದ ಜ್ವಾಳ ತಿರುಗಿ ಹೊತ್ಕೊಂಡು ಹ್ವಾದಳು. ಈಗ ಬೀಸಲಿಕ್ಕೆ ಶಹಾಬಾದ ತನಕ ನಡ್ಕೋತ ಬರ್ತಾಳ, ತಲಿ ಮ್ಯಾಲ ಬುಟ್ಟಿ ಇಟ್ಕೊಂಡು. ಇಪ್ಪತ್ತು ವರ್ಷ ನನ್ನ ಗಿರಣಿ ಹಿಟ್ಟು ಬಿಟ್ಟು ಬ್ಯಾರೆ ಹಿಟ್ಟು ತಿಂದಾಕಿ ಅಲ್ಲ."

ನಂಬರು ಅಳಿಸಿದೆ, ಅವರ ಎದುರಿಗೇ. "ಆಕಿ ತಿರುಗಿ ಬರ್ತಾಳೇನು?" ಎಂದರು. ಸಾಫ್ಟ್‌ವೇರಿಗೆ ಆ ಪ್ರಶ್ನೆ ತಿಳಿಯುವುದಿಲ್ಲ. ನನಗೂ ತಿಳಿಯಲಿಲ್ಲ.

ನವೆಂಬರ್ 2

ಬಾಬುಮಿಯಾರ ಫೋನು. "ಮಲ್ಲು ಸಾಬ್, ಸೀರಿ ಹ್ವಾತು. ಇವತ್ತ ಬ್ಯಾಂಡ್‌ನವರ ಮೆಸೇಜ್ ಬಂದದ."

ನಾವು ಕಳಿಸಿದ್ದಲ್ಲ! ಆಚಾರ್ಯರನ್ನು ಕೇಳಿದೆ. ಕನ್ನಡಕ ಒರೆಸುತ್ತ ಕುಳಿತರು. ಪ್ರೆಸ್ಸಿನ ಪಟ್ಟಿಯನ್ನು ಗುಲ್ಬರ್ಗಾದಲ್ಲಿ ಇದೇ ಕೆಲಸ ಮಾಡುವ ಒಬ್ಬರಿಗೆ ಕೊಟ್ಟು, ಅವರ ಪಟ್ಟಿಯನ್ನು ಇವರು ತೆಗೆದುಕೊಂಡಿದ್ದಾರೆ. ಬೀಜದ ಜೋಳ ಅದಲುಬದಲು ಮಾಡಿದ ಹಾಗೆ.

ಇದೇ ಹೊತ್ತಿಗೆ ಹೊಸ ನಿಯಮ. ಜಾಹೀರಾತು ಬೇಡ ಅನ್ನುವವರು 1909ಕ್ಕೆ ಮೆಸೇಜು ಮಾಡಿ ಹೆಸರು ಹಚ್ಚಬಹುದು. ನಮ್ಮಂಥವರು ನೋಂದಣಿ ಮಾಡಿಸಬೇಕು. ನಮ್ಮ ಪಟ್ಟಿಯನ್ನು 'ಬೇಡ' ಅಂದವರ ಪಟ್ಟಿಯ ಜೊತೆ ತಾಳೆ ನೋಡಿಯೇ ಕಳಿಸಬೇಕು. ತಪ್ಪಿದರೆ ದಂಡ, ಲೈನು ಕಟ್. ಬಾಬುಮಿಯಾರ ಫೋನಿನಿಂದ ಹೆಸರು ಹಚ್ಚಿಸಿದೆ. ಜಾರಿಗೆ ಬರಲು ನಲವತ್ತೈದು ದಿನವಂತೆ. ನಿಂತುಹೋದ ಮದುವೆಯ ಮುಹೂರ್ತ ನವೆಂಬರ್ 26ಕ್ಕೆ ಇತ್ತು. ಅಲ್ಲಿಯವರೆಗೂ ದಿನಾ ಬ್ಯಾಂಡು, ಶಾಮಿಯಾನ, ಹೂವು...

ಆಚಾರ್ಯರು ಪೆನ್ನು ಕೆಳಗಿಟ್ಟರು. "ಎಲ್ಲಾರೂ ಬ್ಯಾಡ ಅಂದ್ರ ಅಂಗಡಿಗೆ ಕೀಲಿ ಹಾಕೂದೇ. ನೀ ಊರಿಗೆ, ನಾ ಮಠಕ್ಕ."

ನವೆಂಬರ್ 4, ಭಾನುವಾರ. ಊರು

ಚಿತ್ತಾಪುರದಿಂದ ನಮ್ಮೂರಿಗೆ ಬಸ್ಸಿಲ್ಲ. ಟಂಟಂ ಆಟೊದಲ್ಲಿ ಕುಳಿತು ಬಂದೆ. ಅಪ್ಪ ಹಣಮಪ್ಪ ಊರಿನ ಡಂಗುರದವನು. ಮೂವತ್ತು ವರ್ಷದಿಂದ ಹಲಗೆ ಬಾರಿಸಿ ಸುದ್ದಿ ಸಾರುತ್ತಾನೆ. ರೊಟ್ಟಿ ಮುರಿಯುತ್ತ ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾಕಪ್ಪಾ?"

"ಹೆಣ ಎದ್ದ ಮನಿ ಮುಂದ ಹಲಗಿ ಬಾರಿಸ್ತಾರೇನೋ ಹುಚ್ಚಾ? ಎಳೀ ಬಾಣಂತಿ ಮನಿ ಮುಂದ? ಹೊರಗ ಬೀಳೂಕಿಂತ ಮೊದಲ ಕೇಳ್ಕೋತೀನಿ, ಇವತ್ತ ಯಾರ ಮನ್ಯಾಗ ಏನ್ ಆಗ್ಯದ ಅಂತ. ಆ ಮನಿ ಬಂತಂದ್ರ ಹಲಗಿ ಬಗಲಾಗ, ಬಾಯಿ ಬಂದ್."

"ಅವರಿಗೂ ಸುದ್ದಿ ಬೇಕಾಗಿದ್ರ?"

"ಬಾಗಲಕ್ಕ ಹೋಗಿ ಕೇಳೂದು, ಹೇಳ್ಲೇನು ಯವ್ವಾ ಅಂತ. ಹೂಂ ಅಂದ್ರ ಹೇಳೂದು. ಇದನ್ನ ಸರ್ಕಾರ ಈಗ ಕಲೀಲಿಕತ್ತದೇನು? ಕಲೀಲಿ, ಛಲೋ ಆತು."

ಓದು ಬರದ ಅಪ್ಪ. ನಾನು ಬಿ.ಎ.

ನವೆಂಬರ್ 5

ಅಪ್ಪ ಹೇಳಿದ್ದನ್ನು ಹಾಗೆಯೇ ಆಚಾರ್ಯರಿಗೆ ಹೇಳಿದೆ. ಕೇಳಿಯೇ ಕಳಿಸೋಣ ಎಂದೆ. ಊರೂರಿಗೆ ಹೋಗಿ ಚೀಟಿ ತುಂಬಿಸೋಣ. ಯಾರಿಗೆ ಯಾವ ಜಾಹೀರಾತು ಬೇಕು, ಅಷ್ಟೇ.

"ನಾಕು ಸಾವಿರ ಹೋಗಿ ನಾನೂರು ಉಳೀತಾವ."

"ನಾನೂರೂ ಓದ್ತಾರ್ರಿ. ಈಗ ನಾಕು ಸಾವಿರದಾಗ ಓದೋರು ಎಷ್ಟು?"

ಸಂಧ್ಯಾವಂದನೆಗೆ ಎದ್ದ ಆಚಾರ್ಯರು ಬಾಗಿಲಲ್ಲಿ ನಿಂತರು. ತಿರುಗಿ ಬಂದು ಗುಲ್ಬರ್ಗಾಕ್ಕೆ ಫೋನು ಹಚ್ಚಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಆ ಪಟ್ಟಿ ಪೂರಾ ಅಳಸ್ರಿ. ನಾ ಕೊಟ್ಟಿದ್ದೇ ತಪ್ಪು. ಹಾಂ, ನಂದೇ ತಪ್ಪು!"

ನವೆಂಬರ್ 14

ಭಂಕೂರಕ್ಕೆ ಹೋದೆ. ಗುಂಡಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಆ ಮೆಸೇಜಿನಾಂವ ನೀನೇ ಏನು? ಮೀಸಿ ತಿರುವೋ ಪೈಲ್ವಾನ್ ಇರಬೇಕಂತ ತಿಳ್ಕೊಂಡಿದ್ದೆ. ಕಡ್ಡಿ ಇದ್ದಂಗ ಇದ್ದೀ."

ತಪ್ಪಾಯಿತು ಎಂದೆ.

"ಸಂಬಂಧ ಮುರದದ್ದು ಮುರೀತು, ಅದಕ್ಕ ನೀ ಏನ್ ಮಾಡ್ತಿ? ಆದ್ರ ದಿನಾ ಯಾರೋ ಕದಾ ಬಡದು, ಲಗ್ನ ಯಾವಾಗ, ಲಗ್ನ ಯಾವಾಗ ಅಂತ ಕೇಳಿದಂಗ ಆಗ್ತಿತ್ತು. ನಾ ನಂಬರ್ ಕೊಟ್ಟಿದ್ದು ಪತ್ರಿಕಿ ಛಾಪಿಸಲಿಕ್ಕೆ. ನಿನಗ ಕೊಟ್ಟಿದ್ದೆನೇನು?"

ಪಿ.ಪಿ. ಅಳಿಸಿದ್ದನ್ನೂ ಹೇಳಿದೆ. ಹೇಳದೆ ಬರಬಹುದಿತ್ತು. ಒಳಗಿನಿಂದ ನಾಗರತ್ನಾ ಬಂದಳು. ಪಿ.ಯು.ಸಿ. ಮುಗಿಸಿದ ಹುಡುಗಿ. ನನ್ನ ಕೈಯ ಚೀಟಿ ಇಸಿದುಕೊಂಡು ಓದಿದಳು.

"ಇದರಾಗ ಇನ್ನೊಂದು ಖಾನೆ ಹಾಕ್ರಿ. ಫೋನ್ ಯಾರದು, ಓದಿ ಹೇಳೋರು ಯಾರು ಅಂತ. ಇಲ್ಲಂದ್ರ ಮತ್ತ ಹಿಂಗೇ ಆಗ್ತದ."

ಹೌದಲ್ಲ! ಅದೇ ಚೀಟಿಯ ಮೇಲೆ ಗೆರೆ ಎಳೆದೆ. ನಾಗರತ್ನಾ ತಾಯಿಯನ್ನು ಕೇಳಿದಳು, "ಯವ್ವಾ, ನಿನಗೇನೂ ಬ್ಯಾಡ ಅಂತ ಬರೀಲೇನು?"

ಮೊರ ನಿಂತಿತು. "ಎಮ್ಮಿ ಮಾರೋರು ಇದ್ರ ತಿಳಸಲಿ. ಎರಡ್ನೇ ಸೂಲಿಂದು ಇರಬೇಕು. ಲಗ್ನಕ್ಕಂತ ಇಟ್ಟಿದ್ದ ರೊಕ್ಕ ಹಂಗೇ ಅದ. ಸೀರಿ ಗೀರಿ ಅಂದ್ರ ನೋಡು ಮತ್ತ."

"ಬಾಬುಮಿಯಾ ಗಿರಣಿಗೆ ಬರ್ರಿ ಅಂದಾರ್ರಿ" ಎಂದೆ.

"ಆ ಫೋನ್ ಬಾಯಿ ಮುಚ್ಚಲಿ ಮೊದಲ. ಆಮ್ಯಾಲ ನೋಡೂಣು."

ನವೆಂಬರ್ 19

ಗಿರಣಿ ಕಟ್ಟೆಯೇ ನಮ್ಮ ಆಫೀಸು. ನಾಗರತ್ನಾ ಚೀಟಿ ಬರೆಯುತ್ತಾಳೆ, ನಾನು ಕೇಳುತ್ತೇನೆ. ಆದರೆ ಗಿರಣಿಯ ಹೊಸ್ತಿಲು ಅವಳೂ ದಾಟುವುದಿಲ್ಲ. ಹೊರಗೆ ಕಟ್ಟೆಯ ಮೇಲೆಯೇ. ಇವತ್ತು ನಲವತ್ತು ಚೀಟಿ. ಒಬ್ಬ ಮುದುಕ, "ಮಳಿ ಬರೂದು ಮೊದಲ ತಿಳಸ್ತೀರೇನು?" ಎಂದ. ಇಲ್ಲ ಎಂದೆ. "ಮತ್ತ ಎದಕ್ಕ ಬಂದೀರಿ?"

ನವೆಂಬರ್ 26

ಮುಹೂರ್ತದ ದಿನ. ಕೆಲಸವಿಲ್ಲದಿದ್ದರೂ ಭಂಕೂರಕ್ಕೆ ಹೋದೆ. ಬಾಬುಮಿಯಾ ಫೋನನ್ನು ಮುಂದಿಟ್ಟುಕೊಂಡು, ಹಾಲು ಕಾಯಲು ಇಟ್ಟವರ ಹಾಗೆ ನೋಡುತ್ತ ಕುಳಿತಿದ್ದರು. ಬೆಳಿಗ್ಗೆ ಹೋಯಿತು. ಮಧ್ಯಾಹ್ನ ಹೋಯಿತು. ಒಂದೂ ಬರಲಿಲ್ಲ.

ಗುಂಡಮ್ಮನೂ ಬರಲಿಲ್ಲ.

ಡಿಸೆಂಬರ್ 3

ಸೀರೆ ಅಂಗಡಿಯವರು ಬಿಟ್ಟುಹೋದರು. ನಾಲ್ಕು ಸಾವಿರಕ್ಕೆ ಕಡಿಮೆ ಅವರಿಗೆ ಬೇಡವಂತೆ. ಎಣ್ಣೆ ಗಾಣದವರು ಬಂದರು, ಟೈಪಿಂಗ್ ಕ್ಲಾಸಿನವರು ಬಂದರು. ನೋಂದಣಿ ಅರ್ಜಿ ಹೋಯಿತು. ಚೀಟಿ ಮುನ್ನೂರ ಹನ್ನೆರಡು ಆಗಿವೆ. ಈ ತಿಂಗಳು ಕೀಲಿ ಹಾಕುವ ಮಾತು ಆಚಾರ್ಯರು ಎತ್ತಿಲ್ಲ. ಚಿಂಚೋಳಿಯಿಂದ ಜಗದೇವಪ್ಪ ಎಂಬುವರು ಬಂದು ಒಂದು ಜಾಹೀರಾತು ಕೊಟ್ಟರು. ಅದು ಬೇಕು ಅಂದವರು ಹತ್ತೊಂಬತ್ತೇ ಜನ. ಹತ್ತೊಂಬತ್ತಕ್ಕೇ ಕಳಿಸುತ್ತೇವೆ, ಗುರುವಾರ ಹನ್ನೊಂದಕ್ಕೆ.

ಡಿಸೆಂಬರ್ 6, ಬೆಳಿಗ್ಗೆ 10.50. ಗಿರಣಿ ಕಟ್ಟೆ

ಇಲ್ಲೇ ಕುಳಿತು ಬರೆಯುತ್ತಿದ್ದೇನೆ. ಕೈಗೆಲ್ಲ ಹಿಟ್ಟು. ಗುಂಡಮ್ಮ ಬಂದಿದ್ದಾಳೆ! ತಲೆಯ ಮೇಲೆ ಜೋಳದ ಬುಟ್ಟಿ. ಹತ್ತು ದಿನದಿಂದ ಫೋನು ಸುಮ್ಮನಿದೆ ಎಂದು ನಾಗರತ್ನಾ ಹೇಳಿರಬೇಕು. ಸಾಲಿನಲ್ಲಿದ್ದ ನಾಲ್ವರು ಹೆಂಗಸರು ತಿರುಗಿ ನೋಡಿದರು. ಬಾಬುಮಿಯಾ ಏನೂ ಆಗದವರಂತೆ ಬುಟ್ಟಿ ಇಳಿಸಿಕೊಂಡರು.

11.02

ಫೋನು ಗುಂಯ್‌ಗುಟ್ಟಿತು. ಗುಂಡಮ್ಮನ ಕೈ ಬುಟ್ಟಿಯ ಅಂಚಿಗೆ ಹೋಯಿತು. ಬಾಬುಮಿಯಾ ತುಟಿ ಅಲ್ಲಾಡಿಸುತ್ತ ಓದಿದರು. ಮತ್ತೊಮ್ಮೆ ಓದಿದರು. ಹತ್ತಿರ ಹೋಗಿ, ಪಿಸುಮಾತಿನಲ್ಲಿ:

"ಗುಂಡವ್ವಾ, ನಿಂದೇ ಬಂದದ. ಹೇಳ್ಲೇನು?"

"ಆಂ?" ಗಿರಣಿಯ ಸದ್ದು. ಬಾಬುಮಿಯಾ ಸ್ವಿಚ್ಚಿಗೆ ಕೈ ಹಾಕಿದರು. ಅವಳು ಫೋನಿನ ಕಡೆ ನೋಡಿದಳು, ಅವರ ಮುಖ ನೋಡಿದಳು, ಸಾಲನ್ನೂ ಒಂದು ಸುತ್ತು ನೋಡಿದಳು.

"ಬಂದ್ ಮಾಡಬ್ಯಾಡ. ಅವತ್ತ ಒದರಿದ್ದಿ ನೋಡು, ಹಂಗೇ ಒದರು. ಎಲ್ಲಾರೂ ಕೇಳ್ಲಿ."

ಬಾಬುಮಿಯಾ ಎದೆ ತುಂಬ ಉಸಿರು ತೆಗೆದುಕೊಂಡರು. "ಚಿಂಚೋಳ್ಯಾಗ ಎಮ್ಮಿ ಅದಂತ! ಎರಡ್ನೇ ಸೂಲಿಂದು! ಕೋಡು ಬಾಗಿದ್ದು!"

ಸಾಲು ನಗುತ್ತಿದೆ. ಗುಂಡಮ್ಮನೂ. ಹಿಟ್ಟಿನ ಧೂಳಿನಲ್ಲಿ ಎಲ್ಲರ ಮುಖವೂ ಒಂದೇ ಬಣ್ಣ. ಅವಳು ಈಗ ನನ್ನ ಕಡೆಗೇ ಬರುತ್ತಿದ್ದಾಳೆ.

"ಏ ಮಲ್ಲು, ಬರಿಯೂದು ಸಾಕು. ಅವರಿಗಿ ಫೋನ್ ಹಚ್ಚು. ಹಾಲು ಎಷ್ಟು ಕೊಡ್ತದ ಕೇಳು. ಕೋಡಿಲೆ ಹಾಯ್ತದೇನು ಅಂತ—"