ನಾಲ್ಕು ಸೆಕೆಂಡು ನಿಂತದ್ದು

ಮಾವಿನಕುರ್ವೆ, ಹೊನ್ನಾವರ
೧೧ ಜುಲೈ ೨೦೨೪

ಪ್ರೀತಿಯ ದಿನಕರನಿಗೆ ನಿನ್ನ ದಾಸ ಮಾಡುವ ನಮಸ್ಕಾರ.

ನಿನ್ನ ಫೋನು ಬಂದಾಗಲೆಲ್ಲ ಆರಾಮಿದ್ದೇನೆ ಎಂದು ಹೇಳಿ ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಫೋನು ಸದಾ ದುರ್ಗಿಯ ಕೈಯಲ್ಲಿರುತ್ತದೆ. ಹೆಂಡತಿಯೆದುರು ಗಂಡಸು ಎಷ್ಟು ಬಾಯಿ ಬಿಡಬಹುದು ಎಂಬುದು ನಿನಗೂ ಗೊತ್ತಿದ್ದದ್ದೇ. ನೀನು ಕುಮಟಾದಲ್ಲಿ ಬಲೆ ಅಂಗಡಿ ಇಟ್ಟ ಮೇಲೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಸೊಟ್ಟಗಿದ್ದರೆ ನಗಬೇಡ ಮಾರಾಯ.

ಮಂಗಳೂರಿನಲ್ಲಿ ನನ್ನ ಎದೆ ಕೊಯ್ದು, ಹೃದಯದ ಹಾಳಾದ ಕವಾಟ ತೆಗೆದು ಲೋಹದ್ದು ಕೂರಿಸಿದಾಗ ನೀನು ಬಂದು ನೋಡಿಕೊಂಡು ಹೋಗಿದ್ದೆ. ಅದು ಟಿಕ್ ಟಿಕ್ ಅನ್ನುತ್ತದೆ, ಗದ್ದಲವಿಲ್ಲದಾಗ ಪಕ್ಕದಲ್ಲಿದ್ದವರಿಗೂ ಕೇಳುತ್ತದೆ. ಕವಾಟ ಚೆನ್ನಾಗಿಯೇ ಇದೆಯಂತೆ, ಕೆಟ್ಟದ್ದು ಬಡಿತ. ಕಳೆದ ತಿಂಗಳು ಚಪ್ಪರದಡಿ ಎಳೆದಿಟ್ಟ ದೋಣಿಗೆ ಬಣ್ಣ ಹಚ್ಚುತ್ತಿದ್ದವನು ಕಣ್ಣು ಕತ್ತಲಾಗಿ ಬಿದ್ದೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವನಲ್ಲವೇ, ಹಣೆಗೆ ಕಟ್ಟಿದ ಬಟ್ಟೆಯೆಲ್ಲ ತೊಯ್ದುಹೋಯಿತು. ದುರ್ಗಿ ಒಣಮೀನಿನ ಬುಟ್ಟಿಯನ್ನು ದಾರಿಯಲ್ಲೇ ಬಿಟ್ಟು ಓಡಿ ಬಂದಳು.

ಡಾಕ್ಟರು ಎದೆಗೆ ಬೆಂಕಿಪೆಟ್ಟಿಗೆಯಷ್ಟಗಲದ ಯಂತ್ರ ಅಂಟಿಸಿ, ಎರಡು ವಾರ ತೆಗೆಯಬಾರದು, ತಲೆ ತಿರುಗಿದರೆ ಅದರ ಗುಂಡಿ ಒತ್ತಬೇಕು, ಆಗ ಎಂತ ಮಾಡುತ್ತಿದ್ದಿರಿ ಎಂದು ನೆನಪಿಡಬೇಕು ಎಂದರು. ಬಡಿತವನ್ನೆಲ್ಲ ಅದು ಹಿಡಿದಿಡುತ್ತದಂತೆ. ಅದರಡಿ ತುರಿಕೆ ಎದ್ದು ಪ್ರಾಣ ಹಿಂಡಿಹಾಕಿತು.

ಮೊನ್ನೆ ಯಂತ್ರ ಬಿಚ್ಚಿ ನೋಡಿದ ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡರು. ಕವಾಟದ ಪಕ್ಕದಲ್ಲೇ ಬಡಿತದ ಕರೆಂಟು ಹಾಯುವ ದಾರಿ ಇದೆಯಂತೆ, ಅದು ಕೆಟ್ಟಿದೆಯಂತೆ. ಒಂದು ಸಲ ಹೃದಯ ನಾಲ್ಕು ಸೆಕೆಂಡು ನಿಂತೇಬಿಟ್ಟಿತ್ತು ಎಂದರು. ಭುಜದ ಕೆಳಗೆ ಪೇಸ್‌ಮೇಕರ್ ಹಾಕಲೇಬೇಕು, ಇಲ್ಲದಿದ್ದರೆ ನಿಂತದ್ದು ಒಂದು ದಿನ ಮತ್ತೆ ಹೊರಡುವುದಿಲ್ಲ ಎಂದೂ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ದುರ್ಗಿ, "ಆತು ಡಾಕ್ಟ್ರೆ, ಸೋಮವಾರವೇ ಕರ್ಕೊಂಡ್ ಬರ್ತೆ" ಎಂದಳು.

ನಾನು ಹೋಗುವುದಿಲ್ಲ, ದಿನಕರ. ಮೈಯೊಳಗೆ ಒಂದು ಲೋಹ ಹೊತ್ತದ್ದೇ ಸಾಕು. ಆಗಸ್ಟಿನಲ್ಲಿ ದೋಣಿಗಳು ಕಡಲಿಗೆ ಇಳಿಯುವಾಗ ದಡದಲ್ಲಿ ನಿಂತು ನೋಡಬೇಕು, ಅಷ್ಟೇ ಆಸೆ. ಹೆದರುಪುಕ್ಕಲ ಎಂದು ತಮಾಷೆ ಮಾಡುವುದಿದ್ದರೆ ಮಾಡು.

ಸುಚಿತಾ ಪರೀಕ್ಷೆಯಲ್ಲಿ ಪಾಸಾದಳೆಂದು ಕೇಳಿ ಖುಷಿಯಾಯಿತು. ಮಗಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ ಗೆಳೆಯ,
ದಾಸ

ತಾ.ಕ.: ಲೋಹದ ಮಾತು ಬರೀ ನೆಪ. ನಿನ್ನಲ್ಲಿ ಮುಚ್ಚಿಡಲು ಆಗುವುದಿಲ್ಲ. ಆ ಯಂತ್ರ ಮನೆಯ ಮಾತನ್ನೂ ಹಿಡಿಯುತ್ತದೆ ಎಂದು ತಪ್ಪು ತಿಳಿದು ದುರ್ಗಿ ನನ್ನೆದುರು ಮಾತೇ ಕಡಿಮೆ ಮಾಡಿದ್ದಳು. ಏನಿದ್ದರೂ ಹಿತ್ತಲಿಗೆ ಹೋಗಿ ತನ್ನ ತಂಗಿ ನಾಗುವಿನ ಹತ್ತಿರ ಹೇಳುವಳು. ಒಂದು ಮಧ್ಯಾಹ್ನ ನನಗೆ ನಿದ್ದೆ ಬಂದಿದೆಯೆಂದುಕೊಂಡು ಕಿಟಕಿಯ ಆಚೆಗೇ ನಿಂತು ಹೇಳಿದಳು: "ಅವ್ರು ಮಂಗ್ಳೂರಲ್ಲಿ ಆಪ್ರೇಶನ್ ಟೇಬಲ್ ಮೇಲೇ ಹೋಗಿದ್ರೆ ಒಂದ್ಸಲ ಅತ್ತು ಸುಮ್ನಾಗ್ತಿದ್ದೆ. ಹೀಗೆ ದಿನಾ ಅಳೂದು ನಂಗೆ ಆಗೂದಿಲ್ಲ ನಾಗು."

ಗುಂಡಿ ಒತ್ತಿದ್ದು ಆಗ. ನಾಲ್ಕು ಸೆಕೆಂಡು ನಿಂತದ್ದೂ ಆಗಲೇ. ಆ ಹೊತ್ತಿಗೆ ಎಂತ ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದಾಗ ಅವಳು ಪಕ್ಕದಲ್ಲೇ ಕೂತಿದ್ದಳು. ಮಲಗಿದ್ದೆ ಎಂದೆ. ಅವಳ ಮೇಲೆ ಸಿಟ್ಟಿಲ್ಲ ನನಗೆ. ಅವಳು ಹೇಳಿದ್ದು ಖರೆ, ನನ್ನ ಸಂಕಟವೂ ಅದೇ: ಪೇಸ್‌ಮೇಕರ್ ಹಾಕಿಸಿಕೊಂಡು ನಾನು ಉಳಿದಷ್ಟು ದಿನವೂ ಅವಳು ಅಳಬೇಕು. ಸೋಮವಾರಕ್ಕೆ ಚೀಲ ತುಂಬಿಸಿಟ್ಟಿದ್ದಾಳೆ, ನನ್ನ ಲುಂಗಿ, ಅವಳ ಸೀರೆ. ಬರುವುದಿಲ್ಲ ಎಂದು ಅವಳಿಗೆ ಇನ್ನೂ ಹೇಳಿಲ್ಲ.